ನಾಮಪದ ಆದಮೇಲೆ ಬರುವ ‘ಟು’: ಕಲಬುರಗಿಯ ಸಂಜೆ ಕ್ಲಾಸಿನಲ್ಲಿ ಕಲಿಸಿದ ಕ್ರಮ

ಬರೆಯುವ ಪೆನ್ನು, ಬರೆಯುವ ಹಾಳೆ, ಬರೆಯುವ ವಿಷಯ, ಬರೆಯುವ ಪತ್ರ, ಬರೆಯುವ ಹುಡುಗಿ. ಈ ಇಂಗ್ಲಿಷ್ ಪಾಠ ಶುರುವಾಗುವುದೇ ಈ ಐದು ಜೋಡಿಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು. ಕನ್ನಡದಲ್ಲಿ ಐದಕ್ಕೂ ‘ಬರೆಯುವ’ ಸಾಕು. ಪೆನ್ನಿನಿಂದ ಬರೆಯುತ್ತೇವೆ, ಹಾಳೆಯ ಮೇಲೆ ಬರೆಯುತ್ತೇವೆ, ವಿಷಯದ ಕುರಿತು ಬರೆಯುತ್ತೇವೆ, ಪತ್ರವನ್ನು ಬರೆಯುತ್ತೇವೆ, ಹುಡುಗಿ ತಾನೇ ಬರೆಯುತ್ತಾಳೆ. ಸಂಬಂಧ ಐದು ಬಗೆಯದು, ಆದರೆ ಕೇಳುವವರು ಅದನ್ನು ತಾವೇ ತಿಳಿದುಕೊಳ್ಳುತ್ತಾರೆ. ಕನ್ನಡ ವಾಕ್ಯ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಹೇಳಲೇಬೇಕು. ‘ಎ ಪೆನ್ ಟು ರೈಟ್ ವಿತ್’, ‘ಪೇಪರ್ ಟು ರೈಟ್ ಆನ್’, ‘ಎ ಟಾಪಿಕ್ ಟು ರೈಟ್ ಅಬೌಟ್’, ‘ಎ ಲೆಟರ್ ಟು ರೈಟ್’, ‘ಎ ಗರ್ಲ್ ಟು ರೈಟ್ ದಿ ರಿಪೋರ್ಟ್’. ಮೊದಲ ಮೂರರಲ್ಲಿ ಕೊನೆಗೊಂದು ಪ್ರಿಪೊಸಿಷನ್ ಉಳಿಯುತ್ತದೆ, ನಾಲ್ಕನೆಯದರಲ್ಲಿ ಏನೂ ಇಲ್ಲ, ಐದನೆಯದರಲ್ಲಿ ಕ್ರಿಯಾಪದಕ್ಕೆ ತನ್ನದೇ ಆದ ಕರ್ಮ ಬಂದಿದೆ. ಆರನೆಯದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುತ್ತೇವೆ: ಪತ್ರ ಬರೆಯಲು ಒಬ್ಬ ಗೆಳೆಯ, ಅಂದರೆ ಗೆಳೆಯನಿಗೆ ಬರೆಯುವುದು. ‘ಎ ಫ್ರೆಂಡ್ ಟು ರೈಟ್ ಟು’. ಎರಡು ಸಲ ‘ಟು’ ಬಂದದ್ದು ತಪ್ಪೆಂದು ಹೆಚ್ಚಿನವರು ಕೊನೆಯದನ್ನು ಅಳಿಸಿಬಿಡುತ್ತಾರೆ. ಅಳಿಸಿದರೆ ಗೆಳೆಯನನ್ನೇ ಬರೆದಂತಾಗುತ್ತದೆ, ಇಲ್ಲವೇ ಬರೆಯುವವನೇ ಗೆಳೆಯ ಆಗುತ್ತಾನೆ. ಮೊದಲ ‘ಟು’ ಕ್ರಿಯಾಪದದ ಗುರುತು, ಎರಡನೆಯದು ‘ಗೆ’ ಪ್ರತ್ಯಯದ ಕೆಲಸ ಮಾಡುವ ಪ್ರಿಪೊಸಿಷನ್. ಈ ಎರಡು ‘ಟು’ಗಳನ್ನು ಬೇರೆಬೇರೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆಯುವ ರೂಢಿಯನ್ನು ಪಾಠ ಮುಗಿಯುವವರೆಗೂ ಬಿಡುವುದಿಲ್ಲ. ಮುಂದೆ ‘ಅಬ್ಜೆಕ್ಷನ್ ಟು’ ಬಂದಾಗ ಅದರ ಉಪಯೋಗ ತಿಳಿಯುತ್ತದೆ.

ವ್ಯಾಕರಣದ ಪುಸ್ತಕಗಳು ಈ ಪಾಠವನ್ನು ಅರ್ಧ ಪುಟದಲ್ಲಿ ಮುಗಿಸುತ್ತವೆ. ನಾಮಪದದ ನಂತರ ‘ಟು’ ಸೇರಿಸಿ ಕ್ರಿಯಾಪದದ ಮೂಲರೂಪ ಬರೆಯಿರಿ ಎನ್ನುವುದು ಅವುಗಳ ಸೂತ್ರ. ಅಷ್ಟರಿಂದ ಕೆಲಸ ಸಾಗುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ನಾಮಪದಕ್ಕೂ ಆ ಕ್ರಿಯೆಗೂ ಏನು ನಂಟು ಎಂದು ಕೇಳದೆ ಈ ರಚನೆಯನ್ನು ಸರಿಯಾಗಿ ಬರೆಯಲಾಗದು. ‘ಟು’ ಬರಬೇಕೋ ಬೇಡವೋ, ಕೊನೆಗೆ ಪ್ರಿಪೊಸಿಷನ್ ಬೇಕೋ ಬೇಡವೋ ಎಲ್ಲವೂ ಆ ನಂಟಿನಿಂದಲೇ ತೀರ್ಮಾನ ಆಗುತ್ತದೆ.

ಇಲ್ಲಿನ ತರಗತಿ ಒಂದೇ ಭಾಷೆಯದಲ್ಲ. ಜೇವರ್ಗಿ, ಚಿತ್ತಾಪುರ ಕಡೆಯ ಹೆಚ್ಚಿನವರ ಮನೆಮಾತು ಕನ್ನಡ. ಶಹರದ ದರ್ಗಾದ ಆಸುಪಾಸಿನಿಂದ ಬರುವ ಹಲವರು ಮನೆಯಲ್ಲಿ ದಖನಿ, ಅಂದರೆ ಈ ಭಾಗದ ಉರ್ದು, ಮಾತಾಡುತ್ತಾರೆ. ಆಳಂದ, ಬಸವಕಲ್ಯಾಣದ ಕಡೆಯವರಲ್ಲಿ ಮರಾಠಿ, ಸೇಡಂ, ಗುರುಮಠಕಲ್ ಕಡೆಯವರಲ್ಲಿ ತೆಲುಗು. ನೋಟ್‌ಬುಕ್ ತಿದ್ದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ: ತಪ್ಪುಗಳೂ ಮನೆಮಾತಿನ ಪ್ರಕಾರ ಬರುತ್ತವೆ. ‘ಊರಿಗಿ ಹೋಗ್ಲಾಕ ಪರ್ಮಿಷನ್ ಬೇಕ್ರಿ ಸರ್’ ಎನ್ನುವ ಕನ್ನಡದ ಹುಡುಗ ‘ಪರ್ಮಿಷನ್ ಫಾರ್ ಗೋಯಿಂಗ್’ ಎಂದು ಬರೆಯುತ್ತಾನೆ. ‘ಹೋಗ್ಲಾಕ’, ‘ಹೋಗಲಿಕ್ಕೆ’ಯ ಕೊನೆಯಲ್ಲಿ ಚತುರ್ಥಿ ವಿಭಕ್ತಿ ಕೂತಿದೆ, ಅದು ‘ಫಾರ್’ ಆಗಿ ಹೊರಬರುತ್ತದೆ. ದಖನಿಯಲ್ಲಿ ‘ಜಾನೇ ಕಾ ಫೈಸ್ಲಾ’ ಎನ್ನುವವಳು ‘ಡಿಸಿಷನ್ ಆಫ್ ಗೋಯಿಂಗ್’ ಬರೆಯುತ್ತಾಳೆ. ಮರಾಠಿಯ ‘ಜಾಣ್ಯಾಚಾ ನಿರ್ಣಯ’ವೂ ಆ ಮನೆಮಾತಿನವರನ್ನು ಅದೇ ‘ಆಫ್’ ಕಡೆಗೆ ಒಯ್ಯುತ್ತದೆ. ‘ಹೋಗೋ ಟೈಮ್’ ಎಂಬುದನ್ನು ನೇರವಾಗಿ ಇಟ್ಟರೆ ‘ಗೋಯಿಂಗ್ ಟೈಮ್’. ಇವನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ನಾಳೆ ಮತ್ತೆ ಬರುತ್ತವೆ. ಮೂಲ ವಾಕ್ಯವನ್ನು ಅವರ ಮನೆಮಾತಿನಲ್ಲೇ ಹೇಳಿಸಿ, ಯಾವ ಪ್ರತ್ಯಯ ಇಂಗ್ಲಿಷಿನೊಳಗೆ ನುಸುಳಿತು ಎಂದು ತೋರಿಸಿದರೆ ಆ ವಿದ್ಯಾರ್ಥಿ ತನ್ನ ತಪ್ಪನ್ನು ತಾನೇ ಕಾಯಲು ಕಲಿಯುತ್ತಾನೆ.

ನಂಟು ಪತ್ತೆಮಾಡುವ ಕ್ರಮ ಹೀಗಿದೆ. ಮೊದಲು ನಾಮಪದ, ಆಮೇಲೆ ಕ್ರಿಯೆ, ಎರಡನ್ನೂ ಹಾಳೆಯ ಮೇಲೆ ಅಕ್ಕಪಕ್ಕ ಬರೆಸುತ್ತೇವೆ. ಅವೆರಡೂ ಸೇರಿದ ಪೂರ್ತಿ ಇಂಗ್ಲಿಷ್ ವಾಕ್ಯವೊಂದನ್ನು ಕಟ್ಟಿಸುತ್ತೇವೆ. ಕುರ್ಚಿ ಮತ್ತು ಕೂರುವುದು ಅಂದರೆ ‘ಐ ವಿಲ್ ಸಿಟ್ ಆನ್ ದಿ ಚೇರ್’. ಈಗ ಆ ವಾಕ್ಯದಿಂದ ‘ಚೇರ್’ ಎತ್ತಿ ಮುಂದೆ ಇಡಬೇಕು, ‘ಐ ವಿಲ್’ ಹೋದ ಜಾಗಕ್ಕೆ ‘ಟು’ ತರಬೇಕು, ಉಳಿದದ್ದನ್ನು ಮುಟ್ಟಬಾರದು. ‘ಎ ಚೇರ್ ಟು ಸಿಟ್ ಆನ್’. ‘ಆನ್’ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಏಳುವುದಿಲ್ಲ, ಅದು ಮೊದಲಿನಿಂದಲೂ ಅಲ್ಲೇ ಇತ್ತು. ‘ವಿ ವಿಲ್ ಲಿವ್ ಇನ್ ದಿ ಹೌಸ್’ ಎಂಬುದು ‘ಎ ಹೌಸ್ ಟು ಲಿವ್ ಇನ್’ ಆಗುತ್ತದೆ. ‘ಐ ವಿಲ್ ಟಾಕ್ ಟು ಸಮ್‌ವನ್’ ಎಂಬುದು ‘ಸಮ್‌ವನ್ ಟು ಟಾಕ್ ಟು’ ಆಗುತ್ತದೆ. ‘ಐ ಮಸ್ಟ್ ಕ್ಯಾಚ್ ಎ ಬಸ್’ ವಾಕ್ಯದಲ್ಲಿ ಪ್ರಿಪೊಸಿಷನ್ ಇರಲೇ ಇಲ್ಲ, ಆದ್ದರಿಂದ ‘ಎ ಬಸ್ ಟು ಕ್ಯಾಚ್’ನಲ್ಲಿಯೂ ಇಲ್ಲ. ‘ನನಗ ಬಸ್ ಹಿಡಿಯೋದದ ರೀ’ ಎಂದು ಎದ್ದು ಹೊರಡುವವರಿಗೆ ಸಿದ್ಧವಾಗಿರುವ ಇಂಗ್ಲಿಷ್ ವಾಕ್ಯ ‘ಐ ಹ್ಯಾವ್ ಎ ಬಸ್ ಟು ಕ್ಯಾಚ್’.

ಈ ಹಂತದಲ್ಲಿ ಎರಡು ಬಗೆಯ ತಪ್ಪು ಬರುತ್ತವೆ. ಒಂದು, ಪ್ರಿಪೊಸಿಷನ್ ಬಿಟ್ಟುಹೋಗುವುದು. ಇನ್ನೊಂದು, ಎತ್ತಿದ ನಾಮಪದದ ಜಾಗದಲ್ಲಿ ‘ಇಟ್’ ತುಂಬುವುದು: ‘ಎ ಬುಕ್ ಟು ರೀಡ್ ಇಟ್’, ‘ಎ ಚೇರ್ ಟು ಸಿಟ್ ಆನ್ ಇಟ್’. ಮೊದಲನೆಯದು ಕನ್ನಡದ ಪ್ರಭಾವ. ಎರಡನೆಯದು ಪ್ರಿಪೊಸಿಷನ್ ಬಿಡಬಾರದು ಎಂದು ನಾವೇ ಒತ್ತಿ ಹೇಳಿದ ಮೇಲೆ ಹೆಚ್ಚಾಗುತ್ತದೆ. ‘ಆನ್’ ಆದಮೇಲೆ ಏನೋ ಬರಬೇಕು ಎಂದು ಕಲಿತವರಿಗೆ ವಾಕ್ಯ ಬರಿದಾಗಿ ನಿಂತಂತೆ ಅನಿಸುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಇರಲಿ, ಆ ಜಾಗದ ಮಾಲೀಕ ವಾಕ್ಯದ ಮುಂದೆ ಹೋಗಿ ಕೂತಿದ್ದಾನೆ ಎಂದು ತೋರಿಸಲು ಅಲ್ಲೊಂದು ಸಣ್ಣ ಚೌಕ ಬರೆಸಿ, ಅಲ್ಲಿಂದ ನಾಮಪದದವರೆಗೆ ಬಾಣ ಎಳೆಸುತ್ತೇವೆ. ಸುಮಾರು ಇಪ್ಪತ್ತು ವಾಕ್ಯ ಬಾಣ ಹಾಕಿ ಬರೆದವರು ಮತ್ತೆ ‘ಇಟ್’ ಸೇರಿಸುವುದು ಅಪರೂಪ.

ಔಪಚಾರಿಕ ಬರಹದಲ್ಲಿ ಪ್ರಿಪೊಸಿಷನ್ ಮುಂದಕ್ಕೆ ಬಂದು ‘ವಿಚ್’ ಜೊತೆ ನಿಲ್ಲಬಹುದು: ‘ಎ ಹೌಸ್ ಇನ್ ವಿಚ್ ಟು ಲಿವ್’. ಇದನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು. ನೆನಪಿಡಬೇಕಾದದ್ದು ಇಷ್ಟೇ, ಪ್ರಿಪೊಸಿಷನ್ ಇಲ್ಲದೆ ಬರಿಯ ‘ವಿಚ್’ ಬರುವಂತಿಲ್ಲ; ‘ಎ ಬುಕ್ ವಿಚ್ ಟು ರೀಡ್’ ತಪ್ಪು.

ಪ್ರಿಪೊಸಿಷನ್ ಬಿಟ್ಟರೂ ನಡೆಯುವ ನಾಮಪದಗಳು ಮುಖ್ಯವಾಗಿ ಮೂರು: ‘ಪ್ಲೇಸ್’, ‘ಟೈಮ್’, ‘ವೇ’. ‘ಎ ಹೌಸ್ ಟು ಲಿವ್’ ತಪ್ಪು, ಆದರೆ ‘ಎ ಪ್ಲೇಸ್ ಟು ಲಿವ್’ ಸರಿ. ‘ಟೈಮ್ ಟು ರೆಸ್ಟ್’, ‘ಎ ವೇ ಟು ಸಾಲ್ವ್ ದಿ ಪ್ರಾಬ್ಲಮ್’ ಎಂದರೆ ಸಾಕು, ಬಾಲ ಬೇಡ. ಹಣದ ವಿಷಯದಲ್ಲೂ ಹಾಗೆಯೇ. ‘ಮನಿ ಟು ಬೈ ಬುಕ್ಸ್’ ಎಂದು ನಿಲ್ಲಿಸಿದರೆ ಯಾರೂ ‘ವಿತ್’ ಕೇಳುವುದಿಲ್ಲ.

ಬೀದರಿನಿಂದ ಬರುವ ವಿದ್ಯಾರ್ಥಿಗಳ ಜೊತೆ ಬಿದರಿ ಕುಸುರಿಯ ಉದಾಹರಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಕಸುಬಿನಲ್ಲಿ ಪ್ರತಿ ವಸ್ತುವಿಗೂ ಒಂದು ಕ್ರಿಯೆ ಅಂಟಿಕೊಂಡಿದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಚಿತ್ತಾರ ಕೊರೆಯುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ‘ಎ ಚಿಸೆಲ್ ಟು ಎನ್‌ಗ್ರೇವ್ ವಿತ್’, ‘ಸಿಲ್ವರ್ ವೈರ್ ಟು ಇನ್‌ಲೇ’, ‘ಸಾಯಿಲ್ ಟು ಬ್ಲ್ಯಾಕನ್ ದಿ ಮೆಟಲ್ ವಿತ್’. ಉಳಿ ಸಾಧನ, ಆದ್ದರಿಂದ ‘ವಿತ್’. ತಂತಿಯನ್ನೇ ಕೂರಿಸುತ್ತಾರೆ, ಆದ್ದರಿಂದ ಬಾಲವಿಲ್ಲ. ಮಣ್ಣಿನ ಉದಾಹರಣೆಯಲ್ಲಿ ಕರ್ಮವೂ ಇದೆ, ಪ್ರಿಪೊಸಿಷನ್ನೂ ಇದೆ. ಆದರೆ ಅದೇ ಸಂಗತಿಯನ್ನು ‘ದೆ ಯೂಸ್ ಸಾಯಿಲ್ ಫ್ರಮ್ ದಿ ಫೋರ್ಟ್ ಟು ಬ್ಲ್ಯಾಕನ್ ದಿ ಮೆಟಲ್’ ಎಂದು ಹೇಳಿದಾಗ ಕೊನೆಗೆ ‘ವಿತ್’ ಬರುವುದಿಲ್ಲ. ಯಾಕೆ?

ಆ ವಾಕ್ಯದಲ್ಲಿ ‘ಟು ಬ್ಲ್ಯಾಕನ್’ ಎಂಬುದು ಮಣ್ಣಿಗೆ ಅಂಟಿದ್ದಲ್ಲ, ಬಳಸುವ ಕ್ರಿಯೆಗೆ ಅಂಟಿದ್ದು. ಯಾಕೆ ಬಳಸುತ್ತಾರೆ ಎಂಬುದಕ್ಕೆ ಉತ್ತರ ಅದು. ನಾಮಪದದ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಇನ್ಫಿನಿಟಿವ್ (‘ಟು’ ಸೇರಿದ ಕ್ರಿಯಾಪದದ ಮೂಲರೂಪ) ನಾಮಪದಕ್ಕೇ ಸೇರಿತು ಎಂದಲ್ಲ. ‘ಟು’ ಬದಲು ‘ಇನ್ ಆರ್ಡರ್ ಟು’ ಇಟ್ಟು ನೋಡಬೇಕು. ‘ಶಿ ಟುಕ್ ಎ ಬಸ್ ಟು ರೀಚ್ ಯಾದಗಿರಿ’ ವಾಕ್ಯದಲ್ಲಿ ಅದು ಹೊಂದುತ್ತದೆ, ಅಂದರೆ ಅದು ಕ್ರಿಯೆಯ ಉದ್ದೇಶ. ‘ಶಿ ಹ್ಯಾಸ್ ಎ ಬಸ್ ಟು ಕ್ಯಾಚ್’ ವಾಕ್ಯದಲ್ಲಿ ಹೊಂದುವುದಿಲ್ಲ, ಅಂದರೆ ಅದು ನಾಮಪದದ ವಿಶೇಷಣ. ಕನ್ನಡದಲ್ಲಿ ಈ ಗೊಂದಲ ಅಷ್ಟಾಗಿ ಇಲ್ಲ, ‘ಹಿಡಿಯುವ ಬಸ್ಸು’ ಬೇರೆ, ‘ತಲುಪಲು ಬಸ್ಸು ಹತ್ತಿದಳು’ ಬೇರೆ. ಅನುಮಾನ ಬಂದಾಗ ಕನ್ನಡಕ್ಕೆ ತಿರುಗಿಸಿ ನೋಡುವುದು ಇಲ್ಲಿ ನಿಜಕ್ಕೂ ಸಹಾಯಕ್ಕೆ ಬರುತ್ತದೆ.

ಇಲ್ಲಿಯವರೆಗೆ ನೋಡಿದ್ದು ವಸ್ತುಗಳು. ಇನ್ನೊಂದು ಬಗೆಯ ನಾಮಪದಗಳು ಮನಸ್ಸಿನೊಳಗಿನವು: ನಿರ್ಧಾರ, ಆಸೆ, ಪ್ರಯತ್ನ, ಹಕ್ಕು, ಅವಕಾಶ. ‘ಎ ಡಿಸಿಷನ್ ಟು ಲೀವ್’ ಎಂಬಲ್ಲಿ ನಿರ್ಧಾರ ಹೋಗುವುದಿಲ್ಲ, ನಿರ್ಧಾರವನ್ನು ಯಾರೂ ಹೋಗಿಸುವುದೂ ಇಲ್ಲ. ಹೋಗುವುದೇ ಆ ನಿರ್ಧಾರದ ಹೂರಣ. ಆದ್ದರಿಂದ ವಾಕ್ಯ ಕಟ್ಟಿ ನಾಮಪದ ಎತ್ತುವ ಉಪಾಯ ಇಲ್ಲಿ ನಡೆಯದು, ಬೇರೆಯದು ಬೇಕು.

ಆ ಉಪಾಯ ನಾಮಪದದ ತಾಯಿಬೇರನ್ನು ಹುಡುಕುವುದು. ‘ಡಿಸಿಷನ್’ ಹುಟ್ಟಿದ್ದು ‘ಡಿಸೈಡ್’ನಿಂದ, ‘ಡಿಸೈಡ್ ಟು ಗೋ’ ಎನ್ನುತ್ತೇವೆ, ಆದ್ದರಿಂದ ‘ಡಿಸಿಷನ್ ಟು ಗೋ’. ‘ರೆಫ್ಯೂಸ್ ಟು’ ಇಂದ ‘ರೆಫ್ಯೂಸಲ್ ಟು’, ‘ಫೇಲ್ ಟು’ ಇಂದ ‘ಫೇಲ್ಯೂರ್ ಟು’, ‘ಟೆಂಡ್ ಟು’ ಇಂದ ‘ಟೆಂಡೆನ್ಸಿ ಟು’, ‘ಅಗ್ರೀ ಟು’ ಇಂದ ‘ಅಗ್ರಿಮೆಂಟ್ ಟು’. ‘ಪ್ರಾಮಿಸ್’, ‘ಅಟೆಂಪ್ಟ್’, ‘ಆಫರ್’, ‘ಪ್ಲಾನ್’ ಕ್ರಿಯಾಪದವಾಗಿಯೂ ನಾಮಪದವಾಗಿಯೂ ಒಂದೇ ರೂಪದಲ್ಲಿವೆ, ಎರಡೂ ಕಡೆ ‘ಟು’. ತಾಯಿ ವಿಶೇಷಣವೂ ಆಗಿರಬಹುದು: ‘ಏಬಲ್ ಟು’ ಇಂದ ‘ಅಬಿಲಿಟಿ ಟು’, ‘ವಿಲಿಂಗ್ ಟು’ ಇಂದ ‘ವಿಲಿಂಗ್‌ನೆಸ್ ಟು’, ‘ಈಗರ್ ಟು’ ಇಂದ ‘ಈಗರ್‌ನೆಸ್ ಟು’. ಇನ್ನು ಕೆಲವಕ್ಕೆ ತಾಯಿ ಕ್ರಿಯಾಪದ ಒಬ್ಬರಿಗೆ ಹೇಳಿ ಮಾಡಿಸುವಂಥದ್ದು: ‘ಪರ್ಮಿಟ್ ಹಿಮ್ ಟು’, ‘ಇನ್ವೈಟ್ ಹರ್ ಟು’, ‘ರಿಮೈಂಡ್ ಮಿ ಟು’. ಅವುಗಳಿಂದ ‘ಪರ್ಮಿಷನ್ ಟು’, ‘ಇನ್ವಿಟೇಷನ್ ಟು’, ‘ರಿಮೈಂಡರ್ ಟು’.

ತಾಯಿ ಇಲ್ಲದವು ಕೆಲವು, ಅವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ‘ಚಾನ್ಸ್’, ‘ಆಪರ್ಚುನಿಟಿ’, ‘ರೈಟ್’, ‘ಡ್ಯೂಟಿ’, ‘ಪವರ್’, ‘ಅಥಾರಿಟಿ’, ‘ಎಫರ್ಟ್’, ‘ಕರೇಜ್’, ‘ಸ್ಟ್ರೆಂತ್’. ‘ದಿ ಕರೇಜ್ ಟು ಸ್ಪೀಕ್’, ‘ದಿ ಸ್ಟ್ರೆಂತ್ ಟು ಗೋ ಆನ್’ ಎಂಬ ಬಳಕೆಯಲ್ಲಿ ಮುಂದೆ ‘ದಿ’ ಬರುವುದನ್ನೂ ಗಮನಿಸಬೇಕು, ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಮೋಸ ಹೋಗುವುದು ಎಲ್ಲಿ ಅಂದರೆ, ತಾಯಿಗೆ ‘ಟು’ ಇದ್ದೂ ಮಗುವಿಗೆ ಇಲ್ಲದಿರುವ ಕಡೆ. ಪರೀಕ್ಷೆಗಳಲ್ಲಿ ತಪ್ಪು ಹುಡುಕುವ ಪ್ರಶ್ನೆ ಹಾಕುವವರಿಗೆ ಇದು ಪ್ರಿಯವಾದ ಜಾಗ, ಹಾಗಾಗಿ ಇಲ್ಲಿ ನಾವು ಹೆಚ್ಚು ಹೊತ್ತು ನಿಲ್ಲುತ್ತೇವೆ. ‘ಇಟ್ ಈಸ್ ಪಾಸಿಬಲ್ ಟು ವಿನ್’ ಸರಿ, ಆದರೆ ‘ಪಾಸಿಬಿಲಿಟಿ ಟು ವಿನ್’ ತಪ್ಪು, ‘ಪಾಸಿಬಿಲಿಟಿ ಆಫ್ ವಿನ್ನಿಂಗ್’ ಆಗಬೇಕು. ‘ಡಿಫಿಕಲ್ಟ್ ಟು ಬ್ರೀದ್’ ಸರಿ. ನಾಮಪದ ಬಂದಾಗ ‘ಡಿಫಿಕಲ್ಟಿ ಇನ್ ಬ್ರೀದಿಂಗ್’ ಅಥವಾ ‘ಇನ್’ ಬಿಟ್ಟು ‘ಡಿಫಿಕಲ್ಟಿ ಬ್ರೀದಿಂಗ್’. ‘ಅಫ್ರೇಡ್ ಟು ಸ್ಪೀಕ್’ನಿಂದ ‘ಫಿಯರ್ ಆಫ್ ಸ್ಪೀಕಿಂಗ್’. ‘ಇಂಪಾರ್ಟೆಂಟ್ ಟು ರೀಡ್’ನಿಂದ ‘ದಿ ಇಂಪಾರ್ಟೆನ್ಸ್ ಆಫ್ ರೀಡಿಂಗ್’. ‘ಹೋಪ್ ಟು ಪಾಸ್’ ಕ್ರಿಯೆಯಾಗಿ ಸರಿ, ನಾಮಪದವಾದರೆ ‘ಹೋಪ್ ಆಫ್ ಪಾಸಿಂಗ್’ ಸುರಕ್ಷಿತ. ‘ಲೈಕ್ ಟು’ ಇಂದ ‘ಲೈಕಿಂಗ್ ಫಾರ್’, ‘ಪ್ರಿಫರ್ ಟು’ ಇಂದ ‘ಪ್ರಿಫರೆನ್ಸ್ ಫಾರ್’. ಇವುಗಳ ಜೊತೆಗೆ ಯಾವ ತಾಯಿಯ ಹಂಗೂ ಇಲ್ಲದೆ ‘ಆಫ್’ ಬೇಡುವವು: ‘ಹ್ಯಾಬಿಟ್ ಆಫ್’, ‘ರಿಸ್ಕ್ ಆಫ್’, ‘ಡೇಂಜರ್ ಆಫ್’, ‘ಮೆಥಡ್ ಆಫ್’. ‘ಹಿ ಹ್ಯಾಸ್ ಎ ಹ್ಯಾಬಿಟ್ ಟು ಸ್ಮೋಕ್’ ಎಂಬುದು ಈ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪುಗಳಲ್ಲಿ ಒಂದು. ‘ಹ್ಯಾಬಿಟ್ ಆಫ್ ಸ್ಮೋಕಿಂಗ್’ ಎಂದಾಗಬೇಕು.

ಇಲ್ಲಿ ದಖನಿ, ಮರಾಠಿ ಮನೆಮಾತಿನವರಿಗೆ ಒಂದು ಅನುಕೂಲವಿದೆ. ಅವರು ಮೊದಲಿನಿಂದಲೂ ‘ಆಫ್’ ಬರೆಯುತ್ತಾ ಬಂದವರು, ಈ ಪಟ್ಟಿಯಲ್ಲಿ ಅವರದ್ದು ತಾನಾಗಿ ಸರಿಯಾಗುತ್ತದೆ. ಕನ್ನಡದವರಿಗೆ ಇದೇ ಪಟ್ಟಿ ಕಷ್ಟ. ಆದ್ದರಿಂದ ಈ ಅಭ್ಯಾಸಕ್ಕೆ ಬೇರೆಬೇರೆ ಮನೆಮಾತಿನ ಇಬ್ಬರನ್ನು ಜೋಡಿ ಮಾಡಿ ಕೂರಿಸುತ್ತೇವೆ. ಒಬ್ಬರ ಕಿವಿಗೆ ಸರಿ ಅನಿಸಿದ್ದು ಇನ್ನೊಬ್ಬರ ಕಿವಿಗೆ ಚುಚ್ಚುತ್ತದೆ, ಇಬ್ಬರೂ ನಿಘಂಟು ತೆರೆಯುತ್ತಾರೆ. ನಿಘಂಟು ಅಂದರೆ ಇಂಗ್ಲಿಷ್–ಕನ್ನಡ ಅರ್ಥಕೋಶ ಅಲ್ಲ, ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟು. ಅದರಲ್ಲಿ ಪ್ರತಿ ನಾಮಪದದ ಮುಂದೆ ‘ಟು ಡು ಸಮ್‌ಥಿಂಗ್’ ಅಥವಾ ‘ಆಫ್ ಡುಯಿಂಗ್ ಸಮ್‌ಥಿಂಗ್’ ಎಂದು ರಚನೆ ಕೊಟ್ಟಿರುತ್ತಾರೆ. ಅರ್ಥ ಓದಿ ಪುಟ ಮಗುಚುವ ಬದಲು ಆ ಒಂದು ಸಾಲು ಓದುವ ರೂಢಿ ಬಿದ್ದರೆ ಅರ್ಧ ಪಾಠ ಮುಗಿದಂತೆಯೇ.

ಎರಡೂ ರಚನೆ ಹಿಡಿಯುವ, ಆದರೆ ಅರ್ಥ ಬದಲಾಗುವ ನಾಮಪದಗಳೂ ಇವೆ. ‘ಎ ಚಾನ್ಸ್ ಟು ಪ್ಲೇ’ ಅಂದರೆ ಆಡಲು ಸಿಕ್ಕ ಅವಕಾಶ. ‘ಎ ಚಾನ್ಸ್ ಆಫ್ ವಿನ್ನಿಂಗ್’ ಅಂದರೆ ಗೆಲ್ಲುವ ಸಂಭವ. ಮಳೆಗೆ ‘ಚಾನ್ಸ್ ಆಫ್ ರೇನ್’ ಮಾತ್ರ, ಮಳೆಗೆ ಯಾರೂ ಅವಕಾಶ ಕೊಡುವುದಿಲ್ಲ. ‘ರೀಸನ್ ಟು ವರಿ’ ಮುಂದಿನದನ್ನು ನೋಡುತ್ತದೆ, ಚಿಂತೆ ಪಡಬೇಕಾದ ಕಾರಣ. ‘ದಿ ರೀಸನ್ ಫಾರ್ ಲೀವಿಂಗ್’ ಆಗಿಹೋದದ್ದರ ಕಾರಣವನ್ನೂ ಹೇಳಬಲ್ಲದು. ‘ಅಟೆಂಪ್ಟ್ ಟು ಡು’, ‘ಅಟೆಂಪ್ಟ್ ಅಟ್ ಡುಯಿಂಗ್’ ನಡುವೆ ಪರೀಕ್ಷೆಗೆ ಬೇಕಾಗುವಷ್ಟು ವ್ಯತ್ಯಾಸವಿಲ್ಲ. ‘ವೇ ಟು ಡು’, ‘ವೇ ಆಫ್ ಡುಯಿಂಗ್’ ಕೂಡ ಹಾಗೆಯೇ. ‘ಇಂಟೆನ್ಷನ್’ ಸಾಮಾನ್ಯವಾಗಿ ‘ಟು’ ಹಿಡಿದರೂ ‘ನೋ ಇಂಟೆನ್ಷನ್’ ಬಂದಾಗ ‘ಆಫ್ ಗೋಯಿಂಗ್’ ಎಂದೇ ರೂಢಿ.

ಬಣ್ಣದ ಚಾಕ್‌ಪೀಸ್ ಮತ್ತೆ ಬೇಕಾಗುವುದು ಈಗ. ‘ಅಬ್ಜೆಕ್ಷನ್ ಟು’, ‘ಅಪೋಸಿಷನ್ ಟು’, ‘ಅಡಿಕ್ಷನ್ ಟು’, ‘ಆಲ್ಟರ್ನೇಟಿವ್ ಟು’, ‘ಅಪ್ರೋಚ್ ಟು’. ಇಲ್ಲಿನ ‘ಟು’ ಎರಡನೆಯ ಬಣ್ಣದ್ದು, ಪ್ರಿಪೊಸಿಷನ್. ಅದಾದ ಮೇಲೆ ಐಎನ್‌ಜಿ ರೂಪ ಬರಬೇಕು: ‘ಅಬ್ಜೆಕ್ಷನ್ ಟು ಪೇಯಿಂಗ್ ದಿ ಫೀಸ್’. ಯಾವ ‘ಟು’ ಯಾವುದೆಂದು ತಿಳಿಯಲು ಅದರ ನಂತರ ಒಂದು ನಾಮಪದ ಇಟ್ಟು ನೋಡಬೇಕು. ‘ಅಬ್ಜೆಕ್ಷನ್ ಟು ದಿ ಪ್ಲಾನ್’ ಸರಿಹೋಗುತ್ತದೆ, ಆದ್ದರಿಂದ ಪ್ರಿಪೊಸಿಷನ್. ‘ಡಿಸಿಷನ್ ಟು ದಿ ಪ್ಲಾನ್’ ಸರಿಹೋಗುವುದಿಲ್ಲ, ಆದ್ದರಿಂದ ಇನ್ಫಿನಿಟಿವ್. ಈ ಪರೀಕ್ಷೆ ಬಹುಮಟ್ಟಿಗೆ ನಂಬಬಹುದಾದದ್ದು, ಪೂರ್ತಿ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಹೆಸರು ‘ರೈಟ್ ಟು ಇನ್ಫರ್ಮೇಷನ್’, 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಎಲ್ಲರೂ ಕರೆಯುವುದು ‘ರೈಟ್ ಟು ಎಜುಕೇಷನ್’. ಎರಡರಲ್ಲೂ ‘ಟು’ ಆದಮೇಲೆ ನಾಮಪದ. ಆದರೂ ‘ದಿ ರೈಟ್ ಟು ವೋಟ್’ನಲ್ಲಿ ಅದೇ ‘ರೈಟ್’ ಇನ್ಫಿನಿಟಿವ್ ಹಿಡಿಯುತ್ತದೆ. ‘ಇನ್ವಿಟೇಷನ್’ ಕೂಡ ‘ಟು ದಿ ವೆಡ್ಡಿಂಗ್’ ಮತ್ತು ‘ಟು ಅಟೆಂಡ್’ ಎರಡನ್ನೂ ಒಪ್ಪುತ್ತದೆ. ಈ ಎರಡನ್ನು ಅಪವಾದವೆಂದು ಪಟ್ಟಿಯ ಕೆಳಗೆ ಬರೆಸಿಬಿಡುತ್ತೇವೆ.

ಕನ್ನಡದವರು ಇನ್ಫಿನಿಟಿವ್ ಬರಬಹುದೆಂದು ಊಹಿಸದ ಒಂದು ಜಾಗವಿದೆ. 1984ರಲ್ಲಿ ಬಚೇಂದ್ರಿ ಪಾಲ್ ಎವರೆಸ್ಟ್ ಏರಿದರು. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಎನ್ನುವಾಗ ಕನ್ನಡದಲ್ಲಿ ‘ಏರಿದ’ ಭೂತಕಾಲ. ಇಂಗ್ಲಿಷಿನಲ್ಲಿ ‘ದಿ ಫಸ್ಟ್ ಇಂಡಿಯನ್ ವುಮನ್ ಟು ಕ್ಲೈಂಬ್ ಎವರೆಸ್ಟ್’. ‘ಟು’ ಅಂದರೆ ಮುಂದೆ ಆಗುವುದು ಎಂದು ಹಿಂದಿನ ಉದಾಹರಣೆಗಳಿಂದ ಕಲಿತವರಿಗೆ ಇದು ಒಪ್ಪುವುದೇ ಇಲ್ಲ. ‘ದಿ ಫಸ್ಟ್ ವುಮನ್ ಕ್ಲೈಂಬ್ಡ್’ ಎಂದು ಬರೆದು ವಾಕ್ಯ ಕೆಡಿಸುತ್ತಾರೆ. ‘ಫಸ್ಟ್’, ‘ಸೆಕೆಂಡ್’, ‘ಲಾಸ್ಟ್’, ‘ನೆಕ್ಸ್ಟ್’, ‘ಓನ್ಲಿ’ ಮತ್ತು ‘ಯಂಗೆಸ್ಟ್’, ‘ಬೆಸ್ಟ್’ ತರಹದ ರೂಪಗಳು ನಾಮಪದದ ಮುಂದೆ ಇದ್ದರೆ ಇನ್ಫಿನಿಟಿವ್ ಕಾಲವನ್ನು ಹೇಳುವುದಿಲ್ಲ. ಕಾಲ ಬೇರೆ ಮಾತಿನಿಂದ ತಿಳಿಯುತ್ತದೆ. ‘ಶಿ ವಾಸ್’ ಇದ್ದರೆ ಆಗಿಹೋದದ್ದು, ‘ಶಿ ವಿಲ್ ಬಿ’ ಇದ್ದರೆ ಆಗಲಿರುವುದು. ‘ಹೂ ಕ್ಲೈಂಬ್ಡ್’ ಎಂದು ಬಿಡಿಸಿ ಬರೆದರೂ ಸರಿಯೇ. ಆದರೆ ಎರಡು ವಾಕ್ಯ ಕೂಡಿಸುವ ಪ್ರಶ್ನೆಯಲ್ಲಿ ಇನ್ಫಿನಿಟಿವ್ ಬಳಸಿ ಎಂದು ಕೇಳಿದ್ದರೆ ‘ಹೂ’ಗೆ ಅಂಕ ಬರುವುದಿಲ್ಲ.

ಕ್ರಿಯೆ ಮಾಡುವವರು ಬೇರೆ ಇದ್ದಾಗ ‘ಫಾರ್’ ಬರಬೇಕು. ಮಕ್ಕಳು ಓದುವ ಪುಸ್ತಕ, ‘ಬುಕ್ಸ್ ಫಾರ್ ದಿ ಚಿಲ್ಡ್ರನ್ ಟು ರೀಡ್’. ಮಕ್ಕಳು ಮಲಗುವ ಹೊತ್ತು, ‘ಟೈಮ್ ಫಾರ್ ದಿ ಚಿಲ್ಡ್ರನ್ ಟು ಸ್ಲೀಪ್’. ಕನ್ನಡದಲ್ಲಿ ‘ಮಕ್ಕಳು’ ಪ್ರಥಮಾ ವಿಭಕ್ತಿಯಲ್ಲೇ ನಿಂತಿದ್ದಾರೆ, ಅಲ್ಲಿ ‘ಫಾರ್’ಗೆ ಸುಳಿವೇ ಇಲ್ಲ, ಹಾಗಾಗಿ ‘ಟೈಮ್ ಚಿಲ್ಡ್ರನ್ ಟು ಸ್ಲೀಪ್’ ಎಂದು ಬರುತ್ತದೆ. ವಿಚಿತ್ರವೆಂದರೆ, ಕನ್ನಡದವರು ‘ಫಾರ್’ ಬೇಡವಾದ ಕಡೆ ಹಾಕುತ್ತಾರೆ, ಬೇಕಾದ ಕಡೆ ಬಿಡುತ್ತಾರೆ. ‘ಟು’ ಇರುವ ಕಡೆ ‘ಫಾರ್’ ಬೇಡ ಎಂದು ಸಾರಾಸಗಟಾಗಿ ಹೇಳುವ ಶಿಕ್ಷಕರಿದ್ದಾರೆ. ಆ ಮಾತು ಈ ಪಾಠ ಬಂದಾಗ ಅಡ್ಡ ನಿಲ್ಲುತ್ತದೆ. ಹೇಳಬೇಕಾದದ್ದು ಬೇರೆ: ‘ಫಾರ್’ ಆದಮೇಲೆ ಮನುಷ್ಯರೋ ವಸ್ತುವೋ ಬರಲಿ, ಅದರ ನಂತರ ‘ಟು’ ಬರಲಿ. ‘ಫಾರ್’ ಮತ್ತು ‘ಟು’ ಒಂದಕ್ಕೊಂದು ಅಂಟಿಕೊಂಡು ‘ಫಾರ್ ಟು ಗೋ’ ಆಗಬಾರದು.

ವಿಶೇಷಣದ ಜಾಗವೂ ಕಾಡುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಈ ಉದಾಹರಣೆ ಹೇಳಿಕೊಡುವುದು ಸುಲಭ: ‘ಏನರ ತಂಪನ್ದು ಕುಡೀಲಾಕ ಕೊಡ್ರಿ’. ‘ಸಮ್‌ಥಿಂಗ್ ಕೋಲ್ಡ್ ಟು ಡ್ರಿಂಕ್’. ಮೊದಲು ‘ಸಮ್‌ಥಿಂಗ್’, ನಂತರ ವಿಶೇಷಣ, ಕೊನೆಗೆ ಇನ್ಫಿನಿಟಿವ್. ಈ ಸಾಲು ಬದಲಾಗುವಂತಿಲ್ಲ. ಮಾಮೂಲಿ ನಾಮಪದವಾದರೆ ವಿಶೇಷಣ ಮುಂದೆ, ಇನ್ಫಿನಿಟಿವ್ ಹಿಂದೆ, ನಾಮಪದ ನಡುವೆ: ‘ಎ ಡಿಫಿಕಲ್ಟ್ ಕ್ವೆಶ್ಚನ್ ಟು ಆನ್ಸರ್’. ಕನ್ನಡದಲ್ಲಿ ‘ಉತ್ತರಿಸಲು ಕಷ್ಟವಾದ ಪ್ರಶ್ನೆ’ ಎಂದು ಎಲ್ಲವೂ ನಾಮಪದದ ಮುಂದೆಯೇ ಬರುವುದರಿಂದ ‘ಎ ಡಿಫಿಕಲ್ಟ್ ಟು ಆನ್ಸರ್ ಕ್ವೆಶ್ಚನ್’ ಎಂಬ ಸರಪಳಿ ಹುಟ್ಟುತ್ತದೆ. ‘ಕುಡಿಯುವ ನೀರು’ ಕೂಡ ಎರಡು: ಕುಡಿಯಲು ಯೋಗ್ಯವಾದದ್ದು ‘ಡ್ರಿಂಕಿಂಗ್ ವಾಟರ್’, ಈಗ ಕುಡಿಯಲು ಬೇಕಾದದ್ದು ‘ವಾಟರ್ ಟು ಡ್ರಿಂಕ್’. ನಲ್ಲಿಯ ಪಕ್ಕದ ಫಲಕಕ್ಕೆ ಮೊದಲನೆಯದು, ಮನೆಗೆ ಬಂದವರನ್ನು ಕೇಳಲು ಎರಡನೆಯದು.

ಕರ್ಮಣಿ ರೂಪಕ್ಕೆ ಹೆಚ್ಚು ಸಮಯ ಕೊಡುವುದಿಲ್ಲ. ‘ವರ್ಕ್ ಟು ಡು’, ‘ವರ್ಕ್ ಟು ಬಿ ಡನ್’ ಎರಡೂ ನಡೆಯುತ್ತವೆ. ಮಾಡುವವರು ವಾಕ್ಯದಲ್ಲೇ ಇದ್ದರೆ ಮೊದಲನೆಯದು ಸಹಜ: ‘ಐ ಹ್ಯಾವ್ ಕ್ಲೋತ್ಸ್ ಟು ವಾಶ್’. ಬಟ್ಟೆಯನ್ನು ಬೇರೆಯವರು ಒಗೆಯುವುದಾದರೆ ‘ಕ್ಲೋತ್ಸ್ ಟು ಬಿ ವಾಶ್ಡ್’. ಅರ್ಥ ನಿಜಕ್ಕೂ ಬೇರೆಯಾಗುವ ಒಂದು ಜೋಡಿಯನ್ನು ಮಾತ್ರ ಬರೆಸುತ್ತೇವೆ. ‘ದೇರ್ ಈಸ್ ನಥಿಂಗ್ ಟು ಡು’ ಎಂದರೆ ಮಾಡಲು ಕೆಲಸವಿಲ್ಲ, ಹೊತ್ತು ಹೋಗುತ್ತಿಲ್ಲ. ‘ನಥಿಂಗ್ ಟು ಬಿ ಡನ್’ ಎಂದರೆ ಇನ್ನು ದಾರಿಯಿಲ್ಲ, ಪರಿಹಾರವಿಲ್ಲ.

ಕಲಿಸುವ ಅನುಕ್ರಮದ ಬಗ್ಗೆ ನಮಗೆ ಖಚಿತ ಅಭಿಪ್ರಾಯವಿದೆ. ವಸ್ತುಗಳು ಮೊದಲು, ಮನಸ್ಸಿನ ನಾಮಪದಗಳು ಆಮೇಲೆ, ‘ಫಸ್ಟ್ ಟು’ ಅದರ ನಂತರ, ‘ಅಬ್ಜೆಕ್ಷನ್ ಟು’ ಕೊನೆಗೆ. ‘ಡಿಸಿಷನ್’, ‘ಎಫರ್ಟ್’ ಪಟ್ಟಿಯಿಂದ ಶುರುಮಾಡಿದರೆ ವಿದ್ಯಾರ್ಥಿಗಳು ಪಟ್ಟಿ ಉರುಹೊಡೆಯುತ್ತಾರೆ. ಆಮೇಲೆ ‘ಎ ಚೇರ್ ಟು ಸಿಟ್’ ಎಂದು ಬರೆದಾಗ ಅದರಲ್ಲಿ ತಪ್ಪೇ ಕಾಣುವುದಿಲ್ಲ, ಯಾಕೆಂದರೆ ‘ಟು’ ಬಂದಿದೆಯಲ್ಲ. ಒಂದೂವರೆ ಗಂಟೆಯ ಒಂದು ಕ್ಲಾಸ್ ಬರಿಯ ವಸ್ತುಗಳಿಗೆ ಬೇಕು. ಅಭ್ಯಾಸಕ್ಕೆ ರಟ್ಟಿನ ಚೀಟಿಗಳು ಸಾಕು: ಒಂದು ಬಣ್ಣದಲ್ಲಿ 30 ನಾಮಪದ, ಇನ್ನೊಂದರಲ್ಲಿ 15 ಕ್ರಿಯಾಪದ, ಮೂರನೆಯದರಲ್ಲಿ ‘ವಿತ್’, ‘ಆನ್’, ‘ಇನ್’, ‘ಅಬೌಟ್’, ‘ಟು’ ಮತ್ತು ಒಂದು ಖಾಲಿ ಚೀಟಿ. ಆ ಖಾಲಿ ಚೀಟಿ ಬಹಳ ಮುಖ್ಯ. ಅದಿಲ್ಲದಿದ್ದರೆ ಎಲ್ಲದಕ್ಕೂ ಯಾವುದಾದರೊಂದು ಪ್ರಿಪೊಸಿಷನ್ ಅಂಟಿಸಿಬಿಡುತ್ತಾರೆ. ನಾಮಪದ, ಕ್ರಿಯಾಪದ ಎತ್ತಿದ ಮೇಲೆ ಪೂರ್ತಿ ವಾಕ್ಯ ಬಾಯಲ್ಲಿ ಹೇಳದೆ ಮೂರನೆಯ ಚೀಟಿ ಮುಟ್ಟುವಂತಿಲ್ಲ. ಹೊಂದದ ಜೋಡಿ ಬಂದರೆ, ಉದಾಹರಣೆಗೆ ‘ರೊಟ್ಟಿ’ ಮತ್ತು ‘ಸಿಟ್’, ಚೀಟಿ ವಾಪಸ್ ಇಡಬೇಕು.

ತಿದ್ದುವಾಗ ಉತ್ತರ ಬರೆದುಕೊಡುವುದಿಲ್ಲ. ಅಂಚಿನಲ್ಲಿ ಮೂರು ಗುರುತು ಮಾತ್ರ: ಪ್ರಿಪೊಸಿಷನ್ ಬಿಟ್ಟಿದ್ದರೆ ಖಾಲಿ ಚೌಕ, ಐಎನ್‌ಜಿ ಬೇಕಿದ್ದ ಕಡೆ ‘ಟು’ ಬಂದಿದ್ದರೆ ಗುಣಾಕಾರದ ಚಿಹ್ನೆ, ‘ಫಾರ್’ ಅಥವಾ ‘ಆಫ್’ ಮನೆಮಾತಿನಿಂದ ನುಸುಳಿದ್ದರೆ ಒಂದು ಬಾಣ. ವಿದ್ಯಾರ್ಥಿ ಅದೇ ವಾಕ್ಯದ ಕೆಳಗೆ ಸರಿರೂಪ ಬರೆದು, ಪಕ್ಕದಲ್ಲಿ ನಿಘಂಟಿನಲ್ಲಿ ಕಂಡ ರಚನೆಯನ್ನೂ ಬರೆದು ತರಬೇಕು. ‘ಟು’ ಹಿಡಿಯುವ ನಾಮಪದಗಳಿಗೆ ನೋಟ್‌ಬುಕ್ಕಿನ ಎಡಪುಟ, ‘ಆಫ್’, ‘ಇನ್’, ‘ಫಾರ್’ ಹಿಡಿಯುವವಕ್ಕೆ ಬಲಪುಟ, ಎರಡೂ ಹಿಡಿಯುವವು ಎರಡೂ ಕಡೆ, ಪ್ರತಿಯೊಂದರ ಜೊತೆ ತಾವೇ ಕಟ್ಟಿದ ಒಂದೊಂದು ವಾಕ್ಯ. ವಾಕ್ಯವಿಲ್ಲದ ಬರಿಯ ನಾಮಪದ ಬರೆದು ತಂದರೆ ಆ ಪುಟ ತಿದ್ದದೆ ವಾಪಸ್ ಕೊಡುತ್ತೇವೆ.